ಕೋಡಿಯ ದಾರಿಯಲ್ಲಿ ಕಟ್ಟಿದ ಮನೆ

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಮನೆಯಲ್ಲಿ ಎರಡು ಬಲ್ಬು, ಒಂದು ನಲ್ಲಿ ಇದ್ದವು. ನಲ್ಲಿಯಲ್ಲಿ ನೀರು ಬಂದ ದಿನ ಅಮ್ಮನಿಗೆ ಹಬ್ಬ. ಅಂಥ ಕಾಲದಲ್ಲಿ ಸಮುದ್ರ ದಾಟಿ ಬಂದ ಬಿಳಿಯ ದಂಪತಿ ಕೆಂಗೇರಿಯ ಆಚೆ, ಅಪ್ಪನ ಊರಿನಲ್ಲಿ, ಕರೆಂಟೂ ಬೇಡ ನಲ್ಲಿಯೂ ಬೇಡ ಎಂದು ಮಣ್ಣಿನ ಮನೆ ಕಟ್ಟಿಕೊಳ್ಳುತ್ತಾರಂತೆ ಎಂದು ಕೇಳಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮನೇಲೇ ಇರ್ಲಿ. ವಾರದಲ್ಲಿ ಅರ್ಧಕ್ಕರ್ಧ ದಿನ ಇಲ್ಲೂ ಎರಡೂ ಇರಲ್ಲ.”

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಊರಿನಲ್ಲಿ ಅಜ್ಜಿ, ದೊಡ್ಡಪ್ಪ ಇದ್ದರು. ಊರಿನವರ ಮಾತನ್ನು ಆ ದಂಪತಿಗೆ, ಅವರ ಮಾತನ್ನು ಊರಿಗೆ ದಾಟಿಸುವ ಕೆಲಸ ಅಪ್ಪನ ತಲೆಗೆ ಬಿತ್ತು. ಭಾನುವಾರ ಅಪ್ಪ ಬಸ್ಸು ಹತ್ತಿದರೆ ನಾನೂ ಹಿಂದೆಯೇ. ಯಂತ್ರಗಳ ಸದ್ದು ಸಾಕಾಗಿ ಬಂದೆವು ಎನ್ನುತ್ತಿದ್ದ ಆ ಗಂಡ ಸದಾ ನಗುವವನು. ಆಕೆ ಮೊಣಕೈತನಕ ಮಣ್ಣು ಮೆತ್ತಿಕೊಂಡು ತಾನೇ ಗೋಡೆ ಏರಿಸುತ್ತಿದ್ದಳು. ಅವರಿಗೆ ಆಗತಾನೇ ಮಾತು ಕಲಿಯುತ್ತಿದ್ದ ಮಗಳು, ತಲೆಯ ತುಂಬ ಮುಸುಕಿನ ಜೋಳದ ರೇಷ್ಮೆಯಂಥ ಕೂದಲು. ಅಜ್ಜಿ ಅದಕ್ಕೆ ಹರಳೆಣ್ಣೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ನನಗಂತೂ ಆ ಮಗು ಅಂದರೆ ಪ್ರಾಣ.

ಅವರು ಮೆಚ್ಚಿದ ಜಾಗ ಕೆರೆಯ ಕೋಡಿಯ ಕೆಳಗಿತ್ತು. ಕೆರೆ ತುಂಬಿ ಮಿಕ್ಕ ನೀರು ಹೊರಬೀಳುವ ಕಲ್ಲಿನ ಕಟ್ಟೆಗೆ ಕೋಡಿ ಎನ್ನುತ್ತಾರೆ. ವರ್ಷಗಟ್ಟಲೆ ಕೋಡಿ ಬಿದ್ದು ನೀರು ಹರಿದಿರಲಿಲ್ಲ. ನೀರು ಹರಿಯುತ್ತಿದ್ದ ಹಳ್ಳ ಮುಚ್ಚಿಕೊಂಡು, ಹೊಂಗೆಯ ತೋಪಿನ ಹಿಂದೆ ಹಸಿರು ಹುಲ್ಲಿನ ಬಯಲಾಗಿತ್ತು. ಊರಿನಲ್ಲಿ ಒಬ್ಬರೂ ಅಲ್ಲಿ ಒಂದು ಕೊಟ್ಟಿಗೆಯನ್ನೂ ಹಾಕಿರಲಿಲ್ಲ. ಯಾಕೆ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ, “ಆ ಕಡೇನೂ ಒಂದು ಜಾಗ ಐತೆ, ನೋಡ್ಬೋದು” ಎಂದಷ್ಟೇ ಅಂದರು. ಅಷ್ಟು ದೂರದಿಂದ ನಂಬಿ ಬಂದವರಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಗೃಹಪ್ರವೇಶಕ್ಕೆ ಊರವರೇ ಮುಂದೆ ನಿಂತು ಹಾಲು ಉಕ್ಕಿಸಿದರು. ಎಲ್ಲರೂ ಎಲೆಯ ಮುಂದೆ ಕೂತಿದ್ದೆವು. ಹಿಂದೆ ಅದೇ ಜಾಗದಲ್ಲಿ ಹಸುಗಳು ಕೊಚ್ಚಿಹೋದ ಕಥೆಯನ್ನು ಅಜ್ಜಿಯೇ ನನಗೆ ಹೇಳಿದ್ದಳು. ನೆನಪಾಗಿ ಕೇಳಿಬಿಟ್ಟೆ.

“ಅಜ್ಜಿ, ಕೋಡಿ ಬಿದ್ರೆ ನೀರು ಈ ಮನೆಯೊಳಗೇ ಬರಲ್ವಾ?”

ಅಮ್ಮ ತೊಡೆ ಚಿವುಟಿದಳು. ಅಜ್ಜಿ ಗದರಿದಳು.

“ಒಳ್ಳೇ ದಿನ ಎಂಥ ಮಾತಾಡ್ತೀಯೇ! ಬಿಡ್ತು ಅನ್ನು. ಬಿಡ್ತು ಅನ್ನೇ!”

ಕೆಟ್ಟ ಮಾತು ಬಾಯಿಂದ ಬಿದ್ದರೆ ಹಾಗೆಂದು ಅದನ್ನು ವಾಪಸು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದು ನಡೆದುಬಿಡುತ್ತದೆ ಎಂಬ ಭಯ ನಮ್ಮವರಿಗೆ. ನಾನು ಬಿಡ್ತು ಎಂದೆ. ಹುಡುಗಿ ಏನಂದಳು ಎಂದು ಆ ಬಿಳಿಯ ಹೆಂಗಸು ನಗುತ್ತ ಅಪ್ಪನನ್ನು ಕೇಳಿದಳು. ಹಿತ್ತಲಲ್ಲಿ ಯಾವ ಹಣ್ಣಿನ ಗಿಡ ಹಾಕುತ್ತೀರಿ ಎಂದು ಕೇಳುತ್ತಿದ್ದಾಳೆ ಎಂದರು ಅಪ್ಪ, ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತಿತ್ತು. ಸೀಬೆ ಹಾಕುತ್ತೇವೆ ಎಂದು ಆಕೆ ನನ್ನ ಕೆನ್ನೆ ಸವರಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, “ಮುಂದಿನ ವಾರ ಹೇಳ್ತೀನಿ. ಇವತ್ತು ಆಡೋ ಮಾತಲ್ಲ ಅದು” ಎಂದರು. ಮುಂದಿನ ವಾರ ಅಮಾವಾಸ್ಯೆ ಬಂತು. ಆಮೇಲೆ ಮಗುವಿನ ಹುಟ್ಟುಹಬ್ಬ. ಆಮೇಲೆ ಪಿತೃಪಕ್ಷ. ಒಳ್ಳೆಯ ದಿನ ಕೆಟ್ಟ ಮಾತು ಆಡಬಾರದು, ಕೆಟ್ಟ ದಿನವಂತೂ ಆಡಲೇಬಾರದು. ಹಾಗಾದರೆ ಆಡುವುದು ಯಾವಾಗ? ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಬೀದಿಯ ಚರಂಡಿ ಉಕ್ಕಿತು. ಅಪ್ಪ ಊಟದ ನಡುವೆ ಎದ್ದು ಹೋಗಿ ಕಿಟಕಿಯಲ್ಲಿ ಆಕಾಶ ನೋಡುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಮಳೆ ನಿಂತದ್ದೇ, “ಏನಾದ್ರೂ ಆಗ್ಲಿ, ಇವತ್ತು ಹೇಳೇ ಹೇಳ್ತೀನಿ” ಎಂದು ಹೊರಟರು. ನಾನೂ ಹೊರಟೆ.

ಊರು ಹತ್ತಿರವಾಗುತ್ತಿದ್ದಂತೆ ತಮಟೆಯ ಸದ್ದು ಕೇಳಿಸಿತು. ಅಪ್ಪನ ನಡಿಗೆ ಓಟವಾಯಿತು. ಕೋಡಿ ಬಿದ್ದಿತ್ತು. ಕೋಡಿ ಬಿದ್ದರೆ ಊರಿಗೆ ಸಂಭ್ರಮ. ಮುತ್ತೈದೆಯರು ಮೊರದಲ್ಲಿ ಬಾಗಿನ ತಂದು ಕೆರೆಗೆ ಬಿಡುತ್ತಿದ್ದರು. ಊರಿಗೆ ಊರೇ ಏರಿಯ ಮೇಲಿತ್ತು. ಎಲ್ಲರಿಗಿಂತ ಮುಂದೆ ಆ ಬಿಳಿಯ ಗಂಡ, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಹಾರ. ತಮಟೆಯ ಸದ್ದು ಕೇಳಿ, ಹೆಂಡತಿ ಮಗುವನ್ನು ಮನೆಯಲ್ಲಿ ಬಿಟ್ಟು ಬಂದಿದ್ದನಂತೆ. ಅತಿಥಿ ಎಂದು ತೆಂಗಿನಕಾಯಿ ಅವನ ಕೈಗೇ ಕೊಟ್ಟಿದ್ದರು. ಅವತ್ತೂ ಒಳ್ಳೆಯ ದಿನ, ಅವತ್ತೂ ಯಾರೂ ಹೇಳಿರಲಿಲ್ಲ.

ಕಲ್ಲಿನ ಮೇಲೆ ತೆಳ್ಳಗೆ ಜಾರುತ್ತಿದ್ದ ನೀರು ನಾವು ನೋಡುತ್ತಿದ್ದಂತೆಯೇ ಕೆಂಪಾಗಿ, ದಪ್ಪವಾಗಿ ಧುಮುಕತೊಡಗಿತು. ಮೇಲಿನ ಊರಿನ ಕೆರೆ ಒಡೆದಿದೆ ಎಂದು ಯಾರೋ ಕೂಗಿದರು. ತಮಟೆ ನಿಂತಿತು. ಆ ಬಿಳಿಯ ಗಂಡ ಅಪ್ಪನನ್ನು ಕಂಡು ಮುಖವರಳಿಸಿ ಕೇಳಿದ: ಮೇಷ್ಟ್ರೇ, ಇಷ್ಟೊಂದು ನೀರು ಎಲ್ಲಿಗೆ ಹೋಗುತ್ತದೆ?

ಅಪ್ಪನಿಗೆ ಇಂಗ್ಲಿಷ್ ಹೊರಡಲಿಲ್ಲ. ಅವನ ಭುಜ ಹಿಡಿದು ತೋಪಿನ ಕಡೆಗೆ ತಿರುಗಿಸಿ ನೂಕಿದರು. “ಓಡು! ಓಡಪ್ಪಾ!”

ಆತ ಓಡಿದ. ಊರೆಲ್ಲ ಓಡಿತು. ಮನೆಯ ಎರಡು ಗೋಡೆ ಆಗಲೇ ಕುಸಿದಿದ್ದವು. ಆಕೆ ಒಂದು ಹೊಂಗೆಯ ಮರವನ್ನು ತಬ್ಬಿ ನಿಂತಿದ್ದಳು, ತೋಳಿನಲ್ಲಿ ಮಗು ಇರಲಿಲ್ಲ. ಮಗು ಮರುದಿನ ಕೆಳಗಿನ ರಾಗಿ ಹೊಲದಲ್ಲಿ ಸಿಕ್ಕಿತು.

ಊರಾಚೆ ಹೂತು ಬಂದ ಮೇಲೆ ದೊಡ್ಡಪ್ಪನ ಜಗುಲಿಯಲ್ಲಿ ಎಲ್ಲರೂ ಕೂತರು. ಗಂಡ ಹೆಂಡತಿ ಗೋಡೆಗೆ ಒರಗಿದ್ದರು. ಆಗ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಅಲ್ಲಿ ಕಟ್ಟಲೇಬಾರದಿತ್ತು ಎಂದರು. ಹಿಂದೆ ಯಾವಾಗ ಯಾವಾಗ ನೀರು ಬಂದಿತ್ತು, ಎಲ್ಲಿಯವರೆಗೆ ಏರಿತ್ತು, ಯಾರ ಹಸುಗಳು ಹೋದವು ಎಂದು ಬಿಡಿಸಿ ಬಿಡಿಸಿ ಹೇಳಿದರು. ಆಕೆ ತಲೆ ಎತ್ತಿ ಅಪ್ಪನನ್ನೇ ನೋಡಿದಳು. ಅಪ್ಪ ಅವಳೆದುರು ನೆಲದ ಮೇಲೆ ಕೂತು, ಅವರೆಲ್ಲ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು.