ಗಡಿ ಗೇಟಿನೆದುರು ಎರಡು ಕಾವಲಿ

ಮೆಕ್ಸಿಕೋದ ನೊಗಾಲೆಸ್‌ನಲ್ಲಿ, ಗಡಿ ಗೇಟಿನೆದುರು ಚೋಲೆ ಎಂಬಾಕೆಯ ಟಾಕೋ ಗಾಡಿ ಇತ್ತು. ಅಮೆರಿಕದಲ್ಲಿ ಆಶ್ರಯ ಕೇಳಲು ಬಂದು ಕಾಯುತ್ತಿದ್ದವರಿಗೆ ಅವಳು ಸಂಜೆ ಉಳಿದ ಬೀನ್ಸನ್ನು ಪುಕ್ಕಟೆ ಬಡಿಸುತ್ತಿದ್ದಳು. 2025ರ ಜನವರಿಯಲ್ಲಿ ಅಮೆರಿಕದವರು, ಆಶ್ರಯ ಕೇಳಿದವರಿಗೆ ಕೊಟ್ಟಿದ್ದ ಸಂದರ್ಶನದ ದಿನಾಂಕಗಳನ್ನೆಲ್ಲ ಒಂದೇ ಏಟಿಗೆ ರದ್ದು ಮಾಡಿದರು. ಮರುದಿನ ಒಳಹೋಗಬೇಕಿದ್ದ ಹೊಂಡುರಾಸಿನ ಯೋಲಾನಿ, ಮಗಳನ್ನು ತಬ್ಬಿಕೊಂಡು ಗಾಡಿಯ ಪಕ್ಕದಲ್ಲೇ ಕುಸಿದು ಕೂತಳು. ಊರಿಗೆ ಮರಳಿದರೆ ಗಂಡನನ್ನು ಕೊಂದವರು ಅಲ್ಲೇ ಇದ್ದರು.

ಚೋಲೆಗೆ ಸಮಾಧಾನ ಹೇಳಿ ಗೊತ್ತಿರಲಿಲ್ಲ.

“ಅತ್ತಿದ್ದು ಸಾಕು ಕಣೇ. ನಿಮ್ಮೂರಲ್ಲಿ ಏನು ಮಾಡ್ಕೊಂಡು ತಿಂತೀರಿ?”

“ಬಾಲೆಯಾದ, ಅಮ್ಮಾ. ಮೈದಾ ರೊಟ್ಟೀಲಿ ಬೀನ್ಸ್, ಚೀಸ್ ಇಟ್ಟು ಮಡಚೋದು.”

“ನಮ್ಮ ಟಾಕೋಗೇ ಬೇರೆ ಹೆಸರಿಟ್ಟಿದೀರಿ ಬಿಡು. ಏಳು, ಕೈ ತೊಳ್ಕೊಂಡು ಮಾಡಿ ತೋರ್ಸು.”

ಬಾಲೆಯಾದವನ್ನು ಗಾಡಿಯಲ್ಲಿ ಮಾರಲು ಇಟ್ಟ ಮೊದಲ ದಿನ ಯಾರೂ ಕೊಳ್ಳಲಿಲ್ಲ. “ರುಚಿ ನೋಡ್ದೆ ಮೂಗು ಮುರೀಬೇಡ್ರೋ!” ಎಂದು ಚೋಲೆ ಹಳೆಯ ಗಿರಾಕಿಗಳನ್ನು ಬೈದು ತಿನ್ನಿಸಿದಳು. ಕೆಲವೇ ದಿನಗಳಲ್ಲಿ ಗೇಟಿನ ಪೊಲೀಸರೂ ಬಂದು ಸಾಲು ನಿಂತರು.

ಗೇಟು ಮಾತ್ರ ತೆರೆಯಲಿಲ್ಲ. ಯೋಲಾನಿ ಮೆಕ್ಸಿಕೋದಲ್ಲೇ ಆಶ್ರಯ ಕೇಳಿದಳು. ವರ್ಷ ಕಳೆದ ಮೇಲೆ ಸಿಕ್ಕಿತು. ಈಗ ಗಾಡಿಯಲ್ಲಿ ಅವಳಿಗೂ ಒಂದು ಕಾವಲಿ ಇದೆ. ಆಚೆಗೆ ಹೋಗುವ ಆಸೆ ಬಿಟ್ಟೆಯಾ ಎಂದು ಯಾರಾದರೂ ಕೇಳಿದರೆ, “ಅಲ್ಲಿ ನಮ್ಮಕ್ಕ ಇದಾಳೆ, ಆಸೆ ಎಲ್ಲಿ ಹೋಗುತ್ತೆ? ಆದ್ರೆ ಮಗಳು ಇಲ್ಲಿ ಶಾಲೆಗೆ ಸೇರಿದಾಳಲ್ಲ” ಎನ್ನುತ್ತಾಳೆ.