ವಿಗ್ರಹದ ಬೆನ್ನು ನೋಡುತ್ತಿದ್ದ ರಾಯರು

ಯಾವ ದೇವರ ವಿಗ್ರಹ ತಂದಿಟ್ಟರೂ ಶ್ರೀನಿವಾಸ ರಾಯರು ಮೊದಲು ಅದರ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಕೈಮುಗಿಯುವುದು ಆಮೇಲೆ. "ಮುಖ ಅಭಿಷೇಕದಲ್ಲಿ ಸವೆದಿರುತ್ತೆ ಕಣಯ್ಯ, ಬೆನ್ನು ಬಟ್ಟೆ ಮರೆಯಲ್ಲಿ ಉಳಿದಿರುತ್ತೆ. ಶಿಲ್ಪಿ ಕೈ ನೋಡಬೇಕಾದ್ರೆ ಹಿಂದೆ ನೋಡು" ಎನ್ನುವರು. ಚೋಳರ ಕಾಲದ ಕಂಚಿನ ವಿಗ್ರಹಗಳ ವಿಷಯದಲ್ಲಿ ದೆಹಲಿಯಲ್ಲಿ ಅವರ ಮಾತೇ ಕೊನೆಯದು. ಸಂಶೋಧನೆಗೆಂದು ವಸಂತ್ ಕುಂಜ್‌ನ ಅವರ ಫ್ಲ್ಯಾಟಿಗೆ ಹೋಗುತ್ತಿದ್ದ ನಾನು ಅವರ ಬೈಗುಳ, ಉಪ್ಪಿಟ್ಟು ಎರಡಕ್ಕೂ ಒಗ್ಗಿಹೋಗಿದ್ದೆ.

ಅಂಥ ರಾಯರೂ ಒಮ್ಮೆ ಮೋಸಹೋದರು. ಒಬ್ಬ ವ್ಯಾಪಾರಿ ಹೊಸದಾಗಿ ಎರಕ ಹೊಯ್ದ ಪಾರ್ವತಿಯನ್ನು ತೋರಿಸಿ, ಹೊರದೇಶಕ್ಕೆ ಕಳಿಸಲು ಬೇಕೆಂದು, ಇದು ಪುರಾತನವಲ್ಲ ಎಂದು ಬರೆಸಿಕೊಂಡ. ಕಾಗದಕ್ಕೆ ವಿಗ್ರಹದ ಫೋಟೊ ಅಂಟಿಸಿ ಅದರ ಮೇಲೂ ಸಹಿ ಹಾಕುವುದು ಪದ್ಧತಿ. ರಾಯರು ಅವಸರದಲ್ಲಿ ಅದನ್ನು ಬಿಟ್ಟರು. ವ್ಯಾಪಾರಿ ಅದೇ ಕಾಗದ ತೋರಿಸಿ, ಅದೇ ಅಳತೆಯ, ಗುಡಿಯಿಂದ ಕದ್ದ ಹಳೆಯ ಪಾರ್ವತಿಯನ್ನು ವಿದೇಶಕ್ಕೆ ಸಾಗಿಸಿಬಿಟ್ಟ. ವಿಷಯ ಗೊತ್ತಾಗಿ ಆ ಗುಡಿಯ ಅರ್ಚಕರು ದೆಹಲಿಗೆ ಬಂದರು. ಜಗಳವಾಡಲಿಲ್ಲ. ಅಲ್ಲಿ ಅಮ್ಮನಿಗೆ ಸೀರೆ ಉಡಿಸುತ್ತಾರಾ ಎಂದು ಕೇಳಿ, ಕೊಟ್ಟ ಕಾಫಿ ಮುಟ್ಟದೆ ಎದ್ದುಹೋದರು.

"ಅವನನ್ನ ಜೈಲಿಗೆ ಕಳಿಸದೆ ನಾನು ಸಾಯಲ್ಲ" ಎಂದರು ರಾಯರು ಅವತ್ತು. ಹೋಗಲಿ ಬಿಡಿ ಎಂದ ಹೆಂಡತಿಯ ಜೊತೆ ಎರಡು ದಿನ ಮಾತು ಬಿಟ್ಟರು. ವ್ಯಾಪಾರಿಯ ಜೊತೆ ಮಾತ್ರ ಬಿಡಲಿಲ್ಲ. ಏನೂ ಗೊತ್ತಿಲ್ಲದವರಂತೆ ನಗುತ್ತಿದ್ದರು. ದೀಪಾವಳಿಗೆ ಅವನು ಕಳಿಸಿದ ಮಿಠಾಯಿ ಡಬ್ಬಿಯನ್ನು ತೆರೆಯದೆ ಕಸಕ್ಕೆ ಹಾಕುತ್ತಿದ್ದರು.

ಐದನೆಯ ವರ್ಷ ಅವನಿಂದ ಕರೆ ಬಂತು. ಮೆಹ್ರೌಲಿ ಕಡೆಯ ಅವನ ಫಾರ್ಮ್‌ಹೌಸಿನಲ್ಲಿ ಒಂದು ವಿಷ್ಣು ವಿಗ್ರಹವಿತ್ತು. ಅದು ಚೋಳರದೆಂದು ಗಿರಾಕಿಗಳ ಮುಂದೆ ರಾಯರು ಹೇಳಬೇಕಿತ್ತು. ರಾಯರು ನನ್ನ ಜೊತೆಗೆ ಇನ್ನೊಬ್ಬರನ್ನೂ ಕರೆದುಕೊಂಡರು. ಅವರು ಮಫ್ತಿಯಲ್ಲಿದ್ದ ಪೊಲೀಸ್ ಅಧಿಕಾರಿ.

ರಾಯರು ವಿಷ್ಣುವಿನ ಬೆನ್ನ ಹಿಂದೆ ಬಹಳ ಹೊತ್ತು ನಿಂತರು. ಗಿರಾಕಿಗಳಿಗೆ ಕಾಣದಂತೆ ಅಲ್ಲೇ ಕೈಮುಗಿದರು. ಅಪ್ಪಟ ಚೋಳರದ್ದೇ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಅವರು ಈಚೆ ಬಂದು, ಆಕಳಿಸುತ್ತ ಹೇಳಿದರು, "ಯೇ ನಯಾ ಹೈ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ವ್ಯಾಪಾರಿ ವಾದಿಸಿದ, ಬೆವರಿದ. ಬೇಕಾದರೆ ಹೊಸದೆಂದು ಹೋದ ಸಲದ ಹಾಗೇ ಬರೆದುಕೊಡುತ್ತೇನೆ ಎಂದರು ರಾಯರು. ಮಾನ ಹೋದ ಸಿಟ್ಟಿನಲ್ಲಿ ಅವನು ಒಳಗಿನಿಂದ ಒಂದು ಹಳೆಯ ಫೋಟೊ ತಂದು ಮೇಜಿಗೆ ಎಸೆದ. ಗುಡಿಯ ಮಂಟಪದಲ್ಲಿ ಹಾರ ಹಾಕಿಸಿಕೊಂಡು ನಿಂತ ಅದೇ ವಿಷ್ಣು. ಹಿಂಬದಿಯಲ್ಲಿ ಊರಿನ ಹೆಸರು. ಅಧಿಕಾರಿ ಅದನ್ನು ಜೇಬಿಗಿಟ್ಟುಕೊಂಡು ಫೋನ್ ತೆಗೆದರು. ಅವನ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ವ್ಯಾಪಾರಿ ಜೈಲು ಸೇರಿದ, ವಿಷ್ಣು ಊರಿಗೆ ಮರಳಿದ. ಪಾರ್ವತಿ ಬರಲೇ ಇಲ್ಲ. ಆ ಕೊರಗು ರಾಯರನ್ನು ಹಾಸಿಗೆ ಹಿಡಿಸಿತು.

ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅವರು ಊಟ ಬಿಟ್ಟು ಮೂರು ದಿನವಾಗಿತ್ತು. ಅವನು ಇನ್ನೂ ಒಳಗಿದ್ದಾನಾ ಎಂದು ಕೇಳಿದರು. ಅವನು ಜಾಮೀನಿನ ಮೇಲೆ ಹೊರಬಂದು ಎರಡು ವಾರವಾಗಿತ್ತು. ಮನೆಯವರು ಅದನ್ನು ಮುಚ್ಚಿಟ್ಟಿದ್ದರು.

"ಒಳಗೇ ಇದ್ದಾನೆ ಸರ್. ಹುಷಾರಿಲ್ಲವಂತೆ, ಆದ್ರೂ ಬಿಟ್ಟಿಲ್ಲ" ಎಂದೆ. ಹುಷಾರಿಲ್ಲದ ಮಾತನ್ನು ನಾನೇ ಸೇರಿಸಿದ್ದು.

ರಾಯರು ದಿಂಬಿನಿಂದ ತಲೆಯೆತ್ತಿದರು.

"ಹಾಗಾದ್ರೆ ಸ್ವಲ್ಪ ಗಂಜಿ ಕೊಡು."