ಕವಚ ತೆರೆದರೆ ಆರುತ್ತಿದ್ದ ಕೆಂಪು ದೀಪ

2006ರಲ್ಲಿ ನಾನು ದೆಹಲಿಯ ಹೊರವಲಯದ ಒಂದು ವಿಮಾನ ತರಬೇತಿ ಸಂಸ್ಥೆಯಲ್ಲಿ ನಿರ್ವಹಣಾ ಎಂಜಿನಿಯರ್ ಆಗಿದ್ದೆ. ನಮ್ಮವು ಒಂಟಿ ಎಂಜಿನ್ನಿನ ಪುಟ್ಟ ವಿಮಾನಗಳು. ಎಂಜಿನ್ ತಿರುಗಿದಂತೆ ಆಲ್ಟರ್ನೇಟರ್ ವಿದ್ಯುತ್ ತಯಾರಿಸುತ್ತದೆ. ಅದು ಕೈಕೊಟ್ಟರೆ ಪೈಲಟ್ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲುವುದಿಲ್ಲ, ಆದರೆ ಬ್ಯಾಟರಿ ಬರಿದಾದ ಮೇಲೆ ರೇಡಿಯೊ ಸತ್ತುಹೋಗುತ್ತದೆ. ದೆಹಲಿಯ ಗಿಜಿಗುಡುವ ಆಕಾಶದಲ್ಲಿ ಅದು ಹುಡುಗಾಟದ ಮಾತಲ್ಲ.

ದುರಸ್ತಿಯಾದ ವಿಮಾನವನ್ನು ಮೊದಲು ಒಬ್ಬರೇ ಹಾರಿಸಿ ನೋಡುವ ಕೆಲಸ ಹಿರಿಯ ಬೋಧಕ ಕ್ಯಾಪ್ಟನ್ ರಾಮದಾಸ್ ಅವರದು. ದೆಹಲಿಯ ಪೀತಮ್‌ಪುರ ಬಡಾವಣೆಯಲ್ಲಿದ್ದ ಕನ್ನಡಿಗರು. ಹಾರಾಟ ಬಿಟ್ಟರೆ ಅವರಿಗೆ ಬೇರೆ ಲೋಕವೇ ಇರಲಿಲ್ಲ. ಆ ಮಾರ್ಚ್‌ನಲ್ಲಿ ಒಂದೇ ವಿಮಾನವನ್ನು ಮೂರು ಸಲ ಅರ್ಧಕ್ಕೇ ಇಳಿಸಿ ಬಂದರು. ಮೂರು ಸಲವೂ ಅದೇ ದೂರು, ಕೆಂಪು ದೀಪ.

ದೂರು ಬಂದೊಡನೆ ನಾವು ಎಂಜಿನ್ನಿನ ಲೋಹದ ಕವಚ ಬಿಚ್ಚಿ, ಎಲ್ಲವೂ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಎಂಜಿನ್ ಓಡಿಸುತ್ತಿದ್ದೆವು. ಇದು ನಮ್ಮ ಕಸುಬಿನ ರೂಢಿ. ದೀಪ ಒಮ್ಮೆಯೂ ಹೊತ್ತಲಿಲ್ಲ. ಆಲ್ಟರ್ನೇಟರ್ ಬದಲಿಸಿದೆವು, ವೋಲ್ಟೇಜ್ ರೆಗ್ಯುಲೇಟರ್ ಬದಲಿಸಿದೆವು. ಫಲ ಸೊನ್ನೆ.

"ಕ್ಯಾಪ್ಟನ್ ಸಾಬ್‌ಗೆ ವಯಸ್ಸಾಯಿತು. ಚಲೋ, ಇನ್ನು ಕ್ಲಾಸಿನಲ್ಲಿ ಪಾಠ ಮಾಡಲಿ," ಎಂದರು ಮ್ಯಾನೇಜರು.

ರಾಮದಾಸ್ ನನ್ನ ಬಳಿ ಬಂದರು. "ಮೂರ್ತಿ, ದೀಪ ಉರೀತಿತ್ತಪ್ಪ. ನಾನೇ ನೋಡಿದೀನಿ."

ನಾನು ಅವರನ್ನು ನಂಬಿದ್ದೆ. ಕಾರಣ ಸಿಗುವವರೆಗೂ ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವುದಿಲ್ಲವೆಂದೆ. ವಿಮಾನ ಬಯಲಿನಲ್ಲೇ ನಿಂತಿತು. ರಾಮದಾಸ್ ಅವರನ್ನು ಹಾರಾಟದಿಂದ ತೆಗೆದರು. ಮೇ ತಿಂಗಳಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು.

ಜೂನ್‌ನ ಒಂದು ಮಧ್ಯಾಹ್ನ ಅದೇ ವಿಮಾನವನ್ನು ಮತ್ತೆ ಪರೀಕ್ಷಿಸಲು ಕೂತಿದ್ದೆ. ಅಷ್ಟರಲ್ಲಿ ಪಶ್ಚಿಮದಿಂದ ಆಂಧಿ, ಅಂದರೆ ಧೂಳಿನ ಬಿರುಗಾಳಿ, ಎದ್ದಿತು. ಧೂಳು ನುಗ್ಗೀತೆಂದು ಕವಚ ಬಿಚ್ಚಲೇ ಇಲ್ಲ. ಮುಚ್ಚಿದಂತೆಯೇ ಎಂಜಿನ್ ಓಡಿಸಿಕೊಂಡು ಹ್ಯಾಂಗರ್‌ನತ್ತ ಹೊರಟೆ. ಆ ಬಿಸಿಲಿಗೆ ಎಂಜಿನ್ ಬೇಗನೆ ಕಾದಿತು. ಬಾಗಿಲು ತಲುಪುವಷ್ಟರಲ್ಲಿ ದೀಪ ಹೊತ್ತಿಕೊಂಡಿತು.

ಈ ಸಲ ಎಂಜಿನ್ ನಿಲ್ಲಿಸಿ, ಕವಚ ತೆಗೆಯದೆ, ಮುಂದಿನ ಗಾಳಿಕಿಂಡಿಯಿಂದ ಕೈ ತೂರಿಸಿ ಪರೀಕ್ಷಿಸಿದೆ. ಕವಚ ಮುಚ್ಚಿದಾಗ ಒಳಗಿನ ರಬ್ಬರ್ ಕೊಳವೆಯೊಂದು ಆಲ್ಟರ್ನೇಟರಿನ ಸಣ್ಣ ತಂತಿಯನ್ನು ಒತ್ತಿ ಬಗ್ಗಿಸುತ್ತಿತ್ತು. ಹೊರಗಿನ ಹೊದಿಕೆ ಹರಿದಿರಲಿಲ್ಲ, ಕತ್ತರಿಸಿ ನೋಡಿದರೆ ಒಳಗೆ ತಾಮ್ರ ತುಂಡಾಗಿತ್ತು. ಬಿಸಿಗೆ ತುದಿಗಳು ದೂರ ಸರಿಯುತ್ತಿದ್ದವು. ಕವಚ ತೆಗೆದರೆ ತಂತಿ ನೇರವಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಹುಡುಕಲು ತೆರೆದಾಗಲೆಲ್ಲ ನಾವೇ ದೋಷವನ್ನು ಮುಚ್ಚಿಹಾಕುತ್ತಿದ್ದೆವು.

ಆ ತಂತಿಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಪೀತಮ್‌ಪುರಕ್ಕೆ ಹೋದೆ. ರಾಮದಾಸ್ ಅವರ ಹೆಂಡತಿ ಸುಮಿತ್ರಮ್ಮ ನಡೆದದ್ದನ್ನೆಲ್ಲ ಕೇಳಿ, ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಕೊನೇಕೊನೆಗೆ ಅವರೂ ನಿಮ್ಮ ಮ್ಯಾನೇಜರ್ ಥರಾನೇ ಅಂತಿದ್ರು," ಎಂದರು. "ದೀಪ ಹತ್ತಲೇ ಇಲ್ವೇನೋ, ನನಗೇ ಏನೋ ಆಗಿದೆ ಅಂತ. ಕಾರ್ ಓಡಿಸೋದನ್ನೂ ಬಿಟ್ಟುಬಿಟ್ರು."

ನನಗೆ ದುಃಖ ತಡೆಯಲಾಗಲಿಲ್ಲ.

ದೂರನ್ನು ನಮಗೆ ಅನುಕೂಲವಾದಂತೆ ಪರೀಕ್ಷಿಸಬಾರದು, ದೂರಿದವರು ಕಂಡ ಸ್ಥಿತಿಯಲ್ಲೇ ಪರೀಕ್ಷಿಸಬೇಕು. ನಿವೃತ್ತನಾಗುವವರೆಗೂ ಕಿರಿಯರಿಗೆ ಇದನ್ನೇ ಹೇಳಿಕೊಟ್ಟೆ. ಈ ಪಾಠ ನನಗೆ ಬಂದದ್ದು ಮಾತ್ರ ತಡವಾಗಿ.

ಅಂದು ನಾನು ಹೊರಡುವಾಗ ಸುಮಿತ್ರಮ್ಮ ತಂತಿಯನ್ನು ಗೋಡೆಯ ಮೇಲಿನ ಗಂಡನ ಫೋಟೋದ ಕೆಳಗಿಟ್ಟರು. "ನೀವೇ ಅವರಿಗೆ ಹೇಳಿ ಮೂರ್ತಿ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾರೆ."

ಹಾರಾಟ ಮುಗಿಸಿ ಬಂದವರಿಗೆ ವರದಿ ಒಪ್ಪಿಸುವಂತೆ ಫೋಟೋ ಮುಂದೆ ನೆಟ್ಟಗೆ ನಿಂತು ಹೇಳಿದೆ, "ಸರ್, ದೀಪ ಹತ್ತಿತ್ತು."